ತೀರಿಕೊಂಡ ನಟನ ಫಿಗರ್, ಪೆಟ್ಟಿಗೆ ಮೇಲೆ ಹೆಸರೇ ಇಲ್ಲ. ಆ ಮುಖ ಯಾರದ್ದು?

ಹನ್ನೆರಡಿಂಚು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

1/6 ಸ್ಕೇಲಿನ ಫಿಗರ್‌ಗಳನ್ನು, ಅಂದರೆ ನಿಜ ಮನುಷ್ಯರ ಆರನೇ ಒಂದು ಪಾಲಿನಷ್ಟಿರುವ, ಸುಮಾರು ಹನ್ನೆರಡು ಇಂಚಿನ ಬೊಂಬೆಗಳನ್ನು ಕೂಡಿಡಲು ಶುರುಮಾಡಿ ಆರೇಳು ವರ್ಷ ಆಯಿತು. ಹೆಚ್ಚಿನವು ಹಳೇ ಸಿನಿಮಾ ನಟರದ್ದು, ಅಂದರೆ ಈಗ ಬದುಕಿಲ್ಲದವರದ್ದು. ನನ್ನ ಕಪಾಟಿನಲ್ಲಿ ಒಬ್ಬರೇ ನಟರ ಎರಡು ಫಿಗರ್ ಅಕ್ಕಪಕ್ಕ ನಿಂತಿವೆ. ಒಂದು ಲೈಸೆನ್ಸ್ ಇರುವುದು, ಅಂದರೆ ಹಕ್ಕುದಾರರ ಒಪ್ಪಿಗೆ ಪಡೆದು ಮಾಡಿದ್ದು. ಪೆಟ್ಟಿಗೆ ಮೇಲೆ ನಟರ ಹೆಸರು, ಸಿನಿಮಾ ಹೆಸರು, ಹಿಂದುಗಡೆ ಇರುವೆ ಸಾಲಿನಂಥ ಅಕ್ಷರದಲ್ಲಿ ಹಕ್ಕುಗಳ ವಿಷಯ. ಇನ್ನೊಂದರ ಪೆಟ್ಟಿಗೆ ಪೂರ್ತಿ ಕಪ್ಪು. ಅದರ ಮೇಲೆ "ಹಳೇ ಪೊಲೀಸ್" ಅನ್ನುವ ಎರಡು ಪದ, ಅಷ್ಟೇ. ನಟರ ಹೆಸರಿಲ್ಲ, ಸಿನಿಮಾ ಹೆಸರಿಲ್ಲ, ಮಾಡಿದವರ ವಿಳಾಸವೂ ಇಲ್ಲ. ಆದರೆ ಮುಚ್ಚಳ ತೆಗೆದ ಕೂಡಲೇ ಅವರೇ! ಎಡಗಣ್ಣಿನ ಕೆಳಗಿನ ಗೆರೆ, ನಕ್ಕರೆ ಒಂದೇ ಕಡೆ ಮೇಲೇಳುವ ತುಟಿ, ಹಣೆಯಿಂದ ಕೂದಲು ಹಿಂದೆ ಸರಿದಿರುವ ಆಕಾರ, ಎಲ್ಲ ಇದೆ. ಇದರ ಪಕ್ಕ ನಿಲ್ಲಿಸಿದರೆ ಲೈಸೆನ್ಸ್ ಇರುವ ಫಿಗರ್ ಅವರ ದೂರದ ನೆಂಟನ ಹಾಗೆ ಕಾಣುತ್ತದೆ.

ಈಗ ಎರಡು ಸಂಗತಿ ಒಟ್ಟಿಗೆ ಬಂದು ತಲೆ ಕೆಟ್ಟಿದೆ. ಕಳೆದ ತಿಂಗಳು ಜಾಗ ಸಾಲದೆ ಆ ಕಪ್ಪು ಪೆಟ್ಟಿಗೆಯದನ್ನು ಮಾರಿಬಿಡೋಣ ಅಂತ ಒಂದು ಆನ್‌ಲೈನ್ ಮಾರಾಟದ ತಾಣದಲ್ಲಿ ಹಾಕಿದೆ. ಹುಡುಕುವವರಿಗೆ ಸಿಗಲಿ ಅಂತ ಶೀರ್ಷಿಕೆಯಲ್ಲಿ ನಟರ ಹೆಸರು ಬರೆದೆ. ಎರಡೇ ದಿನಕ್ಕೆ ತೆಗೆದುಹಾಕಿದರು. ಹಕ್ಕುದಾರರಿಂದ ದೂರು ಬಂದಿದೆ ಅಂತ ಒಂದು ಸಾಲಿನ ಮೇಲ್. ಯಾರಪ್ಪ ಈ ಹಕ್ಕುದಾರರು? ಮನುಷ್ಯ ತೀರಿಕೊಂಡಿದ್ದು 1980ರ ದಶಕದಲ್ಲಿ.

ಎರಡನೆಯದು ಇನ್ನೂ ಕಷ್ಟದ್ದು. ಫಿಗರ್‌ಗೆ ಕೂರಿಸಲು ನಾನೇ ಅವರದೊಂದು ತಲೆ ಮಾಡಿದೆ. ನಾಲ್ಕು ತಿಂಗಳು ರಾತ್ರಿ ಹೊತ್ತು ಕೂತು ಪಾಲಿಮರ್ ಕ್ಲೇಯಲ್ಲಿ ಮಾಡಿದ್ದು. ಸಿಲಿಕಾನ್ ಅಚ್ಚು ತೆಗೆದು ರೆಸಿನ್‌ನಲ್ಲಿ ಮೂರು ಎರಕ ಹೊಯ್ದೆ. ಫೋಟೋ ಹಾಕಿದ ದಿನವೇ ಇಪ್ಪತ್ತು ಜನ ನನಗೊಂದು ಕೊಡಿ ಅಂದರು. ಆರು ಜನರ ಹತ್ತಿರ ಮುಂಗಡ ಕೂಡ ತಗೊಂಡುಬಿಟ್ಟಿದ್ದೇನೆ. ಈಗ ಆ ಮೇಲ್ ನೋಡಿದ ಮೇಲೆ ಕೈ ಓಡುತ್ತಿಲ್ಲ.

ಸತ್ತವರ ಮುಖಕ್ಕೆ ನಿಜವಾಗಿ ಒಡೆಯರು ಅಂತ ಇರುತ್ತಾರಾ? ನಾನು ಕೈಯಾರೆ ಮಾಡಿದ್ದು ನನ್ನದಲ್ವಾ? ತಿಳಿದವರು ಹೇಳಿ. ನಟರ ಹೆಸರು ಬೇಕಂತಲೇ ಬರೆದಿಲ್ಲ, ದಯವಿಟ್ಟು ಕೆದಕಬೇಡಿ.

---

ಪೆಟ್ಟಿಗೆ_ಬಿಚ್ಚದವ

ಸತ್ತವರಿಗೆ ಎಂಥ ಹಕ್ಕು ಗುರು. ಉರಿದು ಬೂದಿಯಾದ ಮೇಲೆ ಮುಖ ಎಲ್ಲಿಂದ ಬಂತು. ಇದೆಲ್ಲ ಕಂಪನಿಗಳು ಹೆದರಿಸುವ ಆಟ. ಹೆಸರು ತೆಗೆದು "ಹಳೇ ಪೊಲೀಸ್" ಅಂತಲೇ ಮತ್ತೆ ಹಾಕು, ಗಿರಾಕಿಗೆ ಗೊತ್ತಾಗುತ್ತದೆ. ತಲೆ ಚೆನ್ನಾಗಿ ಬಂದಿದ್ದರೆ ನನಗೂ ಒಂದು ಇಡು.

---

ಕರಿಕೋಟು

ಮೇಲಿನವರ ಮಾತು ಕೆಲವು ಕಡೆ ಪೂರ್ತಿ ಸರಿ, ಕೆಲವು ಕಡೆ ಪೂರ್ತಿ ತಪ್ಪು. ಈ ವಿಷಯದ ಗೋಳೇ ಅದು. ನಾನು ಓದಿದ್ದು ಕಾನೂನು, ಹುಚ್ಚು ಬೊಂಬೆಯದು, ಹಾಗಾಗಿ ಸ್ವಲ್ಪ ಕೊರೆಯುತ್ತೇನೆ.

ಇದರ ಹೆಸರಾಂತ ಕೇಸುಗಳಲ್ಲಿ ಎರಡು ಪುಟ್ಟ ಪ್ರತಿಮೆಗಳದ್ದೇ. ಅಮೆರಿಕದ ಹಾಡುಗಾರ ಎಲ್ವಿಸ್ ಪ್ರೀಸ್ಲಿ 1977ರಲ್ಲಿ ತೀರಿಕೊಂಡರು. ಮೆಂಫಿಸ್‌ನಲ್ಲಿ ಒಂದು ಸಂಸ್ಥೆ, ಲಾಭಕ್ಕೆ ನಡೆಸುವಂಥದ್ದಲ್ಲ, ಅವರದೊಂದು ದೊಡ್ಡ ಕಂಚಿನ ಪ್ರತಿಮೆ ನಿಲ್ಲಿಸಬೇಕು ಅಂತ ಹಣ ಕೂಡಿಸುತ್ತಿತ್ತು. 25 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಕೊಟ್ಟವರಿಗೆ 8 ಇಂಚಿನ ಒಂದು ಲೋಹದ ಎಲ್ವಿಸ್. ಎಲ್ವಿಸ್ ಹೆಸರು, ಮುಖದ ಹಕ್ಕು ಪಡೆದಿದ್ದ ಕಂಪನಿ ಅಡ್ಡ ಬಂತು. 1980ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಹೇಳಿದ್ದು ಹೆಚ್ಚುಕಮ್ಮಿ ಪೆಟ್ಟಿಗೆ_ಬಿಚ್ಚದವರ ಮಾತನ್ನೇ: ಮನುಷ್ಯ ಹೋದ ಮೇಲೆ ಈ ಹಕ್ಕೂ ಹೋಯಿತು, ವಾರಸುದಾರರಿಗೆ ಬರುವುದಿಲ್ಲ. ಪ್ರತಿಮೆಯವರು ಗೆದ್ದರು. ಆದರೆ ಟೆನೆಸ್ಸೀ ರಾಜ್ಯ ಸುಮ್ನೆ ಕೂರಲಿಲ್ಲ. 1984ರಲ್ಲಿ ಹೊಸ ಕಾನೂನೇ ಮಾಡಿ, ಹೆಸರು ಮತ್ತು ರೂಪದ ಹಕ್ಕು ಸತ್ತ ಮೇಲೂ ಆಸ್ತಿಯ ಹಾಗೆ ಮುಂದಿನವರಿಗೆ ಹೋಗುತ್ತದೆ ಅಂತ ಬರೆಯಿತು. ನಾಲ್ಕು ವರ್ಷದಲ್ಲಿ ಆಟ ತಿರುಗಿತು.

ಇನ್ನೊಂದು ಮಾರ್ಟಿನ್ ಲೂಥರ್ ಕಿಂಗ್ ಅವರದ್ದು. ಒಂದು ಕಂಪನಿ ಅವರ ಪ್ಲಾಸ್ಟಿಕ್ ಪ್ರತಿಮೆ ಮಾಡಿ 29.95 ಡಾಲರಿಗೆ ಮಾರುತ್ತಿತ್ತು, ಎದೆಮಟ್ಟದ್ದು. ಅದರಲ್ಲಿ 3 ಪರ್ಸೆಂಟ್, ಅಂದರೆ 90 ಸೆಂಟ್, ಕಿಂಗ್ ಹೆಸರಿನ ಕೇಂದ್ರಕ್ಕೆ ಎತ್ತಿಡುತ್ತೇವೆ ಅಂತ ಹೇಳಿಕೊಂಡಿತ್ತು. ಕೇಂದ್ರವೇ ಕೋರ್ಟಿಗೆ ಹೋಯಿತು. 1982ರಲ್ಲಿ ಜಾರ್ಜಿಯಾ ಸುಪ್ರೀಂ ಕೋರ್ಟು ಈ ಹಕ್ಕು ಸಾವಿನ ನಂತರವೂ ಉಳಿಯುತ್ತದೆ ಅಂದಿತು. ಇನ್ನೂ ಒಂದು ಮುಖ್ಯ ಮಾತು ಸೇರಿಸಿತು: ಆ ವ್ಯಕ್ತಿ ಬದುಕಿದ್ದಾಗ ತನ್ನ ಮುಖದಿಂದ ದುಡ್ಡು ಮಾಡಿರಲೇಬೇಕು ಅಂತೇನಿಲ್ಲ. ಕಿಂಗ್ ತಮ್ಮ ಮುಖ ಮಾರಿಕೊಂಡವರಲ್ಲ, ಹಾಗಂತ ಬೇರೆಯವರು ಮಾರಬಹುದು ಅಂತ ಆಗುವುದಿಲ್ಲ.

"ಅಭಿಮಾನದಿಂದ ಮಾಡಿದ್ದು, ಒಂದು ಪಾಲು ಒಳ್ಳೇ ಕೆಲಸಕ್ಕೆ" ಅಂತ ಹೇಳಿಕೊಳ್ಳುವವರಿಗೆ ಆ 90 ಸೆಂಟ್ ನೆನಪಿರಲಿ.

ಈಗ ನಿಮ್ಮ ಪ್ರಶ್ನೆ. ಅಮೆರಿಕದಲ್ಲಿ ಇದಕ್ಕೆ ದೇಶಕ್ಕೆಲ್ಲ ಒಂದೇ ಕಾನೂನಿಲ್ಲ, ರಾಜ್ಯಕ್ಕೊಂದು. ಹಾಗಾಗಿ ಸಾಯುವ ಹೊತ್ತಿಗೆ ಆ ನಟರ ನೆಲೆ ಯಾವ ರಾಜ್ಯದಲ್ಲಿತ್ತು ಅನ್ನುವುದನ್ನು ಸಾಮಾನ್ಯವಾಗಿ ಮೊದಲು ನೋಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಸಾವಿನ ನಂತರ 70 ವರ್ಷ. ಇಂಡಿಯಾನಾದಲ್ಲಿ 100 ವರ್ಷ! ನ್ಯೂಯಾರ್ಕ್‌ನಲ್ಲಿ 40 ವರ್ಷ, ಅದೂ 2021ರ ಮೇ ಕೊನೆಗೆ ಕಾನೂನು ಜಾರಿಗೆ ಬಂದ ಮೇಲೆ ತೀರಿಕೊಂಡವರಿಗೆ ಮಾತ್ರ.

ಹಾಲಿವುಡ್ ನಟಿ ಮರ್ಲಿನ್ ಮನ್ರೋ ಕಥೆ ಇದಕ್ಕೇ ಹೇಳಿಮಾಡಿಸಿದ್ದು. ಅವರು 1962ರಲ್ಲಿ ತೀರಿಕೊಂಡಿದ್ದು ಲಾಸ್ ಏಂಜಲೀಸ್‌ನಲ್ಲಿ. ಆದರೆ ಆಸ್ತಿ ನೋಡಿಕೊಳ್ಳುತ್ತಿದ್ದವರು ಕ್ಯಾಲಿಫೋರ್ನಿಯಾ ತೆರಿಗೆ ತಪ್ಪಿಸಲು, ಅವರ ನೆಲೆ ನ್ಯೂಯಾರ್ಕ್ ಅಂತ ವರ್ಷಗಟ್ಟಲೆ ವಾದಿಸಿದರು. ಮುಂದೆ ಕ್ಯಾಲಿಫೋರ್ನಿಯಾ ಸತ್ತವರ ಮುಖಕ್ಕೂ ಬೆಲೆ ಕೊಡುವ ಕಾನೂನು ಮಾಡಿದಾಗ, ಹಕ್ಕಿನ ಕಂಪನಿಯವರು ಇಲ್ಲ ಇಲ್ಲ ಅವರು ಕ್ಯಾಲಿಫೋರ್ನಿಯಾದವರೇ ಅಂದರು. 2012ರಲ್ಲಿ ಮೇಲ್ಮನವಿ ಕೋರ್ಟು, ಒಮ್ಮೆ ಹಾಗೆ ಒಮ್ಮೆ ಹೀಗೆ ಹೇಳಿದರೆ ಒಪ್ಪುವುದಿಲ್ಲ, ನ್ಯೂಯಾರ್ಕ್ ಅಂದರೆ ನ್ಯೂಯಾರ್ಕೇ ಅಂದುಬಿಟ್ಟಿತು. ಅಲ್ಲಿ ಆಗ ಸತ್ತವರಿಗೆ ಈ ಹಕ್ಕೇ ಇರಲಿಲ್ಲ. ತೆರಿಗೆ ಉಳಿಯಿತು, ಮುಖ ಹೋಯಿತು.

ನಿಮ್ಮ ನಟರು ಕೊನೆಗೆ ಎಲ್ಲಿದ್ದರು? ಅಷ್ಟು ಹೇಳಿ ಸಾಕು.

---

ಹನ್ನೆರಡಿಂಚು

ಕ್ಯಾಲಿಫೋರ್ನಿಯಾ. ಅಲ್ಲೇ ಮನೆ, ಅಲ್ಲೇ ತೀರಿಕೊಂಡಿದ್ದು. ಅಂದರೆ 2050 ದಾಟಬೇಕಾ? ಅಷ್ಟೊತ್ತಿಗೆ ನನ್ನ ಬೊಂಬೆ ಮಾಡುವವರೂ ಇರಲ್ಲ.

---

ಮಣ್ಣುಕೈ

ನಾನು ಹದಿನೈದು ವರ್ಷದಿಂದ ತಲೆಗಳನ್ನೇ ಮಾಡುತ್ತಿದ್ದೇನೆ, ಮೊದಲು ಕ್ಲೇಯಲ್ಲಿ, ಈಗ ಕಂಪ್ಯೂಟರಿನಲ್ಲಿ. ಲೈಸೆನ್ಸ್ ಇರುವವರಿಗೂ ಮಾಡಿದ್ದೇನೆ, ಇಲ್ಲದವರಿಗೂ ಮಾಡಿದ್ದೇನೆ, ಮುಚ್ಚಿಡುವುದೇನಿಲ್ಲ. ಕೇಸಿನ ಮಾತು ಕರಿಕೋಟು ಸರ್ ನೋಡಿಕೊಳ್ಳಲಿ. ಕಸುಬಿನ ಕಡೆಯಿಂದ ಒಂದೆರಡು ಮಾತು.

"ಲೈಸೆನ್ಸ್" ಅನ್ನುವುದು ಒಂದೇ ವಸ್ತು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲ. ಒಂದು ಫಿಗರ್ ಕೈಯಲ್ಲಿ ಹಿಡಿದು ನೋಡಿ. ಮೈಮೇಲಿನ ವೇಷ, ಪಾತ್ರದ ಹೆಸರು, ಕೈಯಲ್ಲಿರುವ ಆಯುಧ ಸಿನಿಮಾ ಕಂಪನಿಗೆ ಸೇರಿದ್ದು. ಮುಖ ನಟರದ್ದು ಅಥವಾ ಅವರ ಮನೆಯವರದ್ದು. ಹೆಸರನ್ನು ಬಹಳ ಸಲ ಮನೆಯವರು ಟ್ರೇಡ್‌ಮಾರ್ಕ್ ಮಾಡಿಸಿಟ್ಟಿರುತ್ತಾರೆ. ಪೆಟ್ಟಿಗೆ ಮೇಲೆ ಫೋಟೋ ಹಾಕಿದರೆ ಅದು ಫೋಟೋಗ್ರಾಫರಿನದ್ದು. ತಲೆಯ ಶಿಲ್ಪ, ಅಂದರೆ ಮಣ್ಣಿನಲ್ಲಿ ಮಾಡಿದ ಆ ಕೆಲಸ, ಮಾಡಿದವನದ್ದು ಅಥವಾ ಮಾಡಿಸಿದ ಕಂಪನಿಯದ್ದು. ಹನ್ನೆರಡು ಇಂಚಿನೊಳಗೆ ಐದು ಜನ ಒಡೆಯರು.

ಹಾಗಾಗಿ ಸಿನಿಮಾ ಕಂಪನಿಯ ಒಪ್ಪಿಗೆ ಇದ್ದೂ ಮುಖದ ಒಪ್ಪಿಗೆ ಸಿಗದ ಫಿಗರ್‌ಗಳು ಬರುತ್ತವೆ. ವೇಷ ಅದೇ, ಮುಖ ಮಾತ್ರ ಯಾರದ್ದೋ ದಾರಿಹೋಕನದ್ದು. ನಾವು ಬೈಯುತ್ತೇವೆ, ಶಿಲ್ಪಿಗೆ ಕೈ ಬರಲ್ಲ ಅಂತ. ಕೈ ಬರುತ್ತದೆ ಸ್ವಾಮಿ, ಹಾಗೆ ಮಾಡಬೇಡ ಅಂತ ಹೇಳಿರುತ್ತಾರೆ.

ನಿಮ್ಮ ಲೈಸೆನ್ಸ್ ಫಿಗರ್ ದೂರದ ನೆಂಟನ ಹಾಗೆ ಕಾಣುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ನಾನು ಒಮ್ಮೆ ತೀರಿಕೊಂಡ ನಟಿಯೊಬ್ಬರ ತಲೆ ಮಾಡಿದ್ದೆ, ಒಪ್ಪಿಗೆ ಪಡೆದ ಕೆಲಸ. ಮನೆಯವರ ಕಡೆಯಿಂದ ನಾಲ್ಕು ಸಲ ವಾಪಸ್ ಬಂತು. ಮೊದಲ ಸಲ ಗಲ್ಲದ ಕೆಳಗಿನ ಚರ್ಮ ಕಮ್ಮಿ ಮಾಡಿ ಅಂದರು. ಎರಡನೇ ಸಲ ಕಣ್ಣಿನ ಪಕ್ಕದ ಗೆರೆ. ಆಮೇಲೆ ಮೂಗು. ಕೊನೆಗೆ ಉಳಿದದ್ದು ಚೆಂದದ ಮುಖ, ಆದರೆ ಅವರದ್ದಲ್ಲ. ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ಮಕ್ಕಳಿಗೆ ಅಮ್ಮನ ಮುಖ ಹೀಗೇ ನೆನಪಿರುವುದೇನೋ, ನಾನು ನೋಡಿದ್ದು ಕ್ಯಾಮೆರಾ ನೋಡಿದ ಮುಖ. ಯಾರಿಗೂ ಕೇಳಬೇಕಾಗಿಲ್ಲದ ಕಪ್ಪು ಪೆಟ್ಟಿಗೆಯವನಿಗೆ ಈ ತಲೆನೋವೇ ಇಲ್ಲ ನೋಡಿ. ಅವನು ಗೆರೆ ಇದ್ದ ಹಾಗೆ ಬಿಡುತ್ತಾನೆ.

ಇನ್ನೊಂದು ವಿಷಯ ಹೇಳದೆ ಇರಲಾರೆ, ನಗು ಬರುತ್ತದೆ. ಒಪ್ಪಿಗೆ ಇಲ್ಲದೆ ತಲೆ ಮಾಡಿ ಮಾರುವವರೇ, ತಮ್ಮ ತಲೆಯಿಂದ ಬೇರೆ ಯಾರಾದರೂ ಅಚ್ಚು ತೆಗೆದು ರೀಕಾಸ್ಟ್ ಮಾಡಿದರೆ ಕಳ್ಳರು ಕಳ್ಳರು ಅಂತ ಕೂಗಾಡುತ್ತಾರೆ. ನಾನೂ ಕೂಗಿದ್ದೇನೆ.

---

ಬಾಲ್_ಜಾಯಿಂಟ್

@ಮಣ್ಣುಕೈ ಸಿನಿಮಾ ಕಂಪನಿ ಒಪ್ಪಿದರೆ ಸಾಕಲ್ವಾ ಅಂತ ನಾನೂ ಇಷ್ಟು ದಿನ ಅಂದುಕೊಂಡಿದ್ದೆ. ಪಾತ್ರವೇ ಅವರದ್ದಾದ ಮೇಲೆ ಪಾತ್ರದ ಮುಖವೂ ಅವರದ್ದೇ ಆಗಬೇಕು ತಾನೇ?

---

ಕರಿಕೋಟು

@ಬಾಲ್_ಜಾಯಿಂಟ್ ಅದನ್ನೇ ಒಂದು ಕಂಪನಿ ವಾದಿಸಿ ಕೈ ಸುಟ್ಟುಕೊಂಡಿತು. 'ಚಿಯರ್ಸ್' ಅನ್ನುವ, ಒಂದು ಬಾರಿನಲ್ಲಿ ನಡೆಯುವ ಟಿವಿ ಧಾರಾವಾಹಿ ಹೆಸರಿನಲ್ಲಿ ವಿಮಾನ ನಿಲ್ದಾಣಗಳಲ್ಲಿ ಬಾರ್ ತೆರೆದಿದ್ದರು. ಅಲ್ಲಿ ಎರಡು ರೋಬೋ ಬೊಂಬೆ ಕೂರಿಸಿದ್ದರು, ಧಾರಾವಾಹಿಯ ಇಬ್ಬರು ಗಿರಾಕಿಗಳ ಹೋಲಿಕೆಯವು. ಪಾತ್ರಗಳ ಹಕ್ಕು ಇದ್ದ ಪ್ಯಾರಾಮೌಂಟ್ ಕಂಪನಿಯಿಂದ ಒಪ್ಪಿಗೆ ಪಡೆದಿದ್ದರು. ಬೊಂಬೆಗಳಿಗೆ ಬಾಬ್, ಹ್ಯಾಂಕ್ ಅಂತ ಬೇರೆ ಹೆಸರೂ ಇಟ್ಟಿದ್ದರು. ಆದರೂ ಆ ಇಬ್ಬರು ನಟರು, ಜಾರ್ಜ್ ವೆಂಟ್ ಮತ್ತು ಜಾನ್ ರಾಟ್ಜನ್‌ಬರ್ಗರ್, ಕೇಸು ಹಾಕಿದರು. 1997ರಲ್ಲಿ ಮೇಲ್ಮನವಿ ಕೋರ್ಟು ಪಾತ್ರ ಬೇರೆ, ನಟನ ಮುಖ ಬೇರೆ, ನಟ ಪಾತ್ರ ಮಾಡಿದ ಮಾತ್ರಕ್ಕೆ ತನ್ನ ಮುಖದ ಹಕ್ಕು ಬಿಟ್ಟುಕೊಟ್ಟ ಹಾಗಲ್ಲ, ಕೇಸು ವಿಚಾರಣೆಗೆ ಹೋಗಲಿ ಅಂದಿತು. ಕೊನೆಗೆ ರಾಜಿಯಾಯಿತು. ಇಬ್ಬರೂ ಆಗ ಬದುಕಿದ್ದವರು ನಿಜ, ಆದರೆ ತತ್ವ ಅದೇ.

ಈಗ ಪೆಟ್ಟಿಗೆ_ಬಿಚ್ಚದವರ "ಹೆಸರು ತೆಗೆದು ಹಾಕು" ಸಲಹೆಗೆ ಬರೋಣ. ಹೆಸರು ತೆಗೆದರೆ ಟ್ರೇಡ್‌ಮಾರ್ಕ್ ಹೊಡೆತ ತಪ್ಪಬಹುದು. ಮಾರಾಟದ ತಾಣಗಳಲ್ಲಿ ದೂರು ಕೊಡುವವರು ಹುಡುಕುವುದೂ ಹೆಸರಿನಿಂದಲೇ, ಹಾಗಾಗಿ ಕಣ್ಣಿಗೆ ಬೀಳದೆ ಇರಬಹುದು. ಕಪ್ಪು ಪೆಟ್ಟಿಗೆ ಹಾಗಿರುವುದು ಅದಕ್ಕೇ. ಆದರೆ ಮುಖದ ಹಕ್ಕಿಗೆ ಹೆಸರು ಬೇಕಾಗಿಲ್ಲ. ನೋಡಿದ ಕೂಡಲೇ ಅವರೇ ಅಂತ ಗೊತ್ತಾದರೆ ಮುಗಿಯಿತು. ಬಾಬ್ ಅಂತ ಬರೆದರೂ ಅಷ್ಟೇ, ಹಳೇ ಪೊಲೀಸ್ ಅಂತ ಬರೆದರೂ ಅಷ್ಟೇ.

---

ಪೆಟ್ಟಿಗೆ_ಬಿಚ್ಚದವ

ಹಾಗಾದರೆ ಕಲೆಗೆ ಜಾಗವೇ ಇಲ್ಲ ಅನ್ನಿ. ಸತ್ತವರ ಚಿತ್ರ ಬಿಡಿಸೋಕೂ ಇವರ ಅಪ್ಪಣೆ ಬೇಕಾ? ಈತ ನಾಲ್ಕು ತಿಂಗಳು ಕೂತು ಕೈಯಾರೆ ಮಾಡಿದ್ದಾನೆ, ಫ್ಯಾಕ್ಟರಿ ಸಾಮಾನಲ್ಲ ಅದು.

---

ಕರಿಕೋಟು

ಚಿತ್ರ ಬಿಡಿಸಲು ಬೇಡ. ಒಂದು ಮಾಡಿ ಗೋಡೆಗೆ ಹಾಕಿಕೊಳ್ಳಿ, ಯಾರೂ ಕೇಳಲ್ಲ. ಪ್ರಶ್ನೆ ಬರುವುದು ಅದನ್ನೇ ಸಾಮಾನು ಮಾಡಿ ಮಾರಿದಾಗ. ಇಲ್ಲಿ ಒಂದು ವಿಚಿತ್ರ ಇದೆ, ನಮ್ಮ ಹವ್ಯಾಸದವರೆಲ್ಲ ತಿಳಿದಿರಬೇಕಾದದ್ದು.

'ತ್ರೀ ಸ್ಟೂಜಸ್' ಅಂತ ಮೂವರು ಹಳೇ ಹಾಸ್ಯನಟರು. ಒಬ್ಬ ಕಲಾವಿದ ಇದ್ದಿಲಿನಲ್ಲಿ ಅವರ ಚಿತ್ರ ಬಿಡಿಸಿ ಟಿ ಶರ್ಟ್, ಪ್ರಿಂಟ್ ಮಾಡಿ ಮಾರಿದ. ಅಷ್ಟೊತ್ತಿಗೆ ಮೂವರೂ ತೀರಿಕೊಂಡಿದ್ದರು. ಚಿತ್ರ ಅವನದೇ ಕೈಯದ್ದು, ಯಾರದೋ ಫೋಟೋ ಅಂಟಿಸಿದ್ದಲ್ಲ. 2001ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಒಂದು ಅಳತೆಗೋಲು ಹೇಳಿತು: ಆ ಮುಖ ನಿಮ್ಮ ಕೃತಿಗೆ ಬರೀ ಕಚ್ಚಾ ಸಾಮಾನಾ, ಅದರ ಮೇಲೆ ನೀವು ನಿಮ್ಮದೇನಾದರೂ ಕಟ್ಟಿದ್ದೀರಾ, ಅಥವಾ ಆ ಮುಖವನ್ನು ಇದ್ದ ಹಾಗೆ ಇಳಿಸಿದ್ದೇ ನಿಮ್ಮ ಇಡೀ ಕೃತಿಯಾ? ಇದ್ದ ಹಾಗೆ ಇಳಿಸಿದ್ದೇ ಆದರೆ ವಾಕ್ ಸ್ವಾತಂತ್ರ್ಯದ ಗುರಾಣಿ ಸಿಗುವುದಿಲ್ಲ. ಕಲಾವಿದ ಸೋತ. ಹೆಸರಾಂತ ಕಲಾವಿದ ಆಂಡಿ ವಾರ್‌ಹಾಲ್ ಮಾಡಿದಂಥ ಚಿತ್ರಗಳಿಗೆ ರಕ್ಷಣೆ ಸಿಗಬಹುದು ಅಂತ ಅದೇ ತೀರ್ಪಿನಲ್ಲಿ ಹೇಳಿದರು, ಅಲ್ಲಿ ಮುಖದ ನೆಪದಲ್ಲಿ ಬೇರೇನೋ ಮಾತು ನಡೆಯುತ್ತಿದೆ ಅನ್ನುವ ಅರ್ಥದಲ್ಲಿ.

ಈಗ ನಮ್ಮ ಕಡೆ ನೋಡಿ. ನಾವು ಒಂದು ತಲೆಯನ್ನು ಹೊಗಳುವುದು ಹೇಗೆ? "ಅವರೇ ಎದ್ದುಬಂದ ಹಾಗಿದೆ." ಕೋರ್ಟು ಆ ತಲೆಯ ಕೈಬಿಡುವುದು ಅದೇ ಕಾರಣಕ್ಕೆ. ಹೋಲಿಕೆ ಹೆಚ್ಚಿದಷ್ಟೂ ನಿಮ್ಮ ವಾದ ಬಡವಾಗುತ್ತದೆ. ಹನ್ನೆರಡಿಂಚು ಅವರು ನಾಲ್ಕು ತಿಂಗಳು ತಿದ್ದಿದ್ದು ಏನನ್ನು? ತಮ್ಮ ಗುರುತು ಕಾಣದ ಹಾಗೆ, ಅವರ ಮುಖ ಮಾತ್ರ ಕಾಣುವ ಹಾಗೆ. ಗೆದ್ದಿದ್ದಾರೆ, ಅದೇ ತೊಂದರೆ.

---

ಸಂಜೆಮಲ್ಲಿ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಎಲ್ಲರೂ ಹಕ್ಕು, ದುಡ್ಡು, ರಾಜ್ಯ ಅಂತ ಮಾತಾಡುತ್ತಿದ್ದೀರಿ. ತೀರಿಕೊಂಡವರ ಮನೆಯ ಕಡೆಯಿಂದ ಯಾರೂ ಮಾತಾಡಲಿಲ್ಲ, ಹಾಗಾಗಿ ನಾನು.

ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ತೀರಿಕೊಂಡಿದ್ದು 2011ರ ಅಕ್ಟೋಬರ್ 5ಕ್ಕೆ. ಮೂರು ತಿಂಗಳು ಆಗುವಷ್ಟರಲ್ಲಿ ಒಂದು ಕಂಪನಿ ಅವರ 12 ಇಂಚಿನ ಬೊಂಬೆ ತರುತ್ತೇವೆ ಅಂತ ಫೋಟೋ ಬಿಟ್ಟಿತು. ನೀವೂ ನೋಡಿರಬಹುದು. ದುಂಡು ಕನ್ನಡಕ, ಕಪ್ಪು ಟರ್ಟಲ್‌ನೆಕ್, ಜೀನ್ಸ್. ಕೈಯ ನರ ಕೂಡ ಕಾಣುತ್ತಿತ್ತು. ನನಗೆ ಆ ಫೋಟೋ ನೋಡಿ ಮೈ ಜುಮ್ ಅಂದಿತು, ಚೆಂದಕ್ಕಲ್ಲ. ಆ ಮನೆಯಲ್ಲಿ ಅವರ ಬಟ್ಟೆ ಇನ್ನೂ ಕಪಾಟಿನಲ್ಲೇ ಇದ್ದಿರಬಹುದು. ಮನೆಯವರ ಕಡೆಯಿಂದ, ಆಪಲ್ ವಕೀಲರ ಕಡೆಯಿಂದ ಒತ್ತಡ ಬಂದು 2012ರ ಜನವರಿಯಲ್ಲಿ ಅದನ್ನು ಕೈಬಿಟ್ಟರು. ಬಿಡುವಾಗಲೂ ನಾವು ಕಾನೂನು ಮೀರಿಲ್ಲ, ಮನೆಯವರ ಮನಸ್ಸಿಗೆ ಬೆಲೆ ಕೊಟ್ಟು ನಿಲ್ಲಿಸುತ್ತಿದ್ದೇವೆ ಅನ್ನುವ ಧಾಟಿಯಲ್ಲೇ ಹೇಳಿದರು.

ಹಾಲಿವುಡ್ ನಟ ರಾಬಿನ್ ವಿಲಿಯಮ್ಸ್ ಇದನ್ನು ಬದುಕಿದ್ದಾಗಲೇ ಯೋಚಿಸಿದ್ದರು. ತಮ್ಮ ಹೆಸರು, ಮುಖದ ಹಕ್ಕನ್ನು ಒಂದು ದತ್ತಿ ಸಂಸ್ಥೆಗೆ ಬರೆದಿಟ್ಟು, ಸಾವಿನ ನಂತರ 25 ವರ್ಷ ಬಳಸುವಂತಿಲ್ಲ ಅಂತ ಕಟ್ಟಿಹಾಕಿದರು. ತೀರಿಕೊಂಡಿದ್ದು 2014ರಲ್ಲಿ, ಲೆಕ್ಕ ಹಾಕಿದರೆ 2039ರ ವರೆಗೆ. ಹಣ ಮಾಡುವ ಆಸೆಗೆ ಬರೆದ ಉಯಿಲಲ್ಲ ಅದು. ನನ್ನನ್ನು ಸ್ವಲ್ಪ ಕಾಲ ಬಿಟ್ಟುಬಿಡಿ ಅಂದ ಹಾಗಿದೆ.

ನನ್ನ ಅಣ್ಣ ಹೋಗಿ ಮೂರು ವರ್ಷ ಆಯಿತು. ಅವನೇನು ಹೆಸರುವಾಸಿ ಅಲ್ಲ. ಅವನ ಸ್ನೇಹಿತರೊಬ್ಬರು ಪ್ರೀತಿಯಿಂದಲೇ ಅವನ ಫೋಟೋ ಇಟ್ಟುಕೊಂಡು ಒಂದು ಚಿಕ್ಕ ಪ್ರತಿಮೆ ಮಾಡಿಸಿ ತಂದುಕೊಟ್ಟರು. ತುಂಬಾ ಹೋಲುತ್ತದೆ. ಅಮ್ಮ ಅದನ್ನು ಬಟ್ಟೆ ಸುತ್ತಿ ಒಳಗಿಟ್ಟಿದ್ದಾರೆ, ಬಿಸಾಡಲೂ ಆಗದೆ, ನೋಡಲೂ ಆಗದೆ. ಕೇಳಿ ಮಾಡಿಸಿದ್ದರೆ ಬಹುಶಃ ಅಮ್ಮ ಬೇಡ ಅನ್ನುತ್ತಿದ್ದರು, ಅಷ್ಟೇ.

---

ಪೆಟ್ಟಿಗೆ_ಬಿಚ್ಚದವ

@ಸಂಜೆಮಲ್ಲಿ ಅಕ್ಕ, ನಿಮ್ಮ ಅಣ್ಣನ ವಿಷಯ ಕೇಳಿ ಬೇಜಾರಾಯಿತು. ನಾನು ಹಾಗೆ ಉಡಾಫೆಯಾಗಿ ಬರೆಯಬಾರದಿತ್ತು.

ಆದರೂ ಒಂದು ಮಾತು. ಎಷ್ಟೋ ಸಲ ಆ ಹಕ್ಕು ಮನೆಯವರ ಹತ್ತಿರ ಇರುವುದೇ ಇಲ್ಲ. ಯಾವುದೋ ಕಂಪನಿ ಕೊಂಡುಕೊಂಡಿರುತ್ತದೆ, ಅವರು ಆ ನಟರನ್ನು ಕಣ್ಣಾರೆ ನೋಡಿಯೂ ಇರುವುದಿಲ್ಲ. ಆ ಕಂಪನಿ ಅವರ ಮುಖವನ್ನು ಕೀಚೈನಿಗೂ ಹಾಕುತ್ತದೆ, ಲೋಟಕ್ಕೂ ಹಾಕುತ್ತದೆ. ಅಲ್ಲಿ ಯಾರ ಮನಸ್ಸು ನೋಯುತ್ತದೆ?

---

ಸಂಜೆಮಲ್ಲಿ

ಅದು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

---

ಬಾಲ್_ಜಾಯಿಂಟ್

ಕರಿಕೋಟು ಸರ್, ಅಮೆರಿಕ ಬಿಟ್ಟು ಬೇರೆ ಕಡೆ ಹೇಗೆ? ಕೊಳ್ಳುವವರು ಎಲ್ಲೆಲ್ಲೋ ಇರುತ್ತಾರಲ್ಲ. ಮತ್ತೆ, ಲೈಸೆನ್ಸ್ ಇರುವ ಹಳೇ ಫಿಗರ್ ಮಾರಿದರೂ ತೊಂದರೆಯಾ? ನನ್ನ ಹತ್ತಿರ ಒಂದು ರಾಶಿ ಇದೆ.

---

ಕರಿಕೋಟು

ಎರಡನೆಯದು ಸುಲಭ. ಒಪ್ಪಿಗೆ ಪಡೆದು ತಯಾರಾದ ಸಾಮಾನನ್ನು ನೀವು ದುಡ್ಡು ಕೊಟ್ಟು ಕೊಂಡ ಮೇಲೆ ಅದೇ ತುಂಡನ್ನು ಮಾರಬಹುದು. ಅಮೆರಿಕದಲ್ಲೇ ಒಂದು ಕೇಸಿದೆ. ಒಪ್ಪಿಗೆ ಇರುವ ಆಟಗಾರರ ಕಾರ್ಡುಗಳನ್ನು ಕೊಂಡು, ಮರದ ಫಲಕದಲ್ಲಿ ಕೂರಿಸಿ ಮಾರುತ್ತಿದ್ದ ಕಂಪನಿ ಮೇಲೆ ಒಬ್ಬ ಬೇಸ್‌ಬಾಲ್ ಆಟಗಾರ ಮತ್ತು ತೀರಿಕೊಂಡ ಕಾರ್ ರೇಸ್ ಚಾಲಕರೊಬ್ಬರ ಹೆಂಡತಿ ಕೇಸು ಹಾಕಿದ್ದರು. 1998ರಲ್ಲಿ ಕೋರ್ಟು, ಒಮ್ಮೆ ಒಪ್ಪಿ ಮಾರಿದ ಮೇಲೆ ಆ ಕಾರ್ಡಿನ ಮರುಮಾರಾಟ ತಡೆಯಲು ಆಗುವುದಿಲ್ಲ ಅಂದಿತು. ನಿಮ್ಮ ರಾಶಿ ಕ್ಷೇಮ. ಕಪ್ಪು ಪೆಟ್ಟಿಗೆಗೆ ಈ ಮಾತು ಹೊಂದುವುದಿಲ್ಲ, ಯಾಕಂದರೆ ಅಲ್ಲಿ ಮೊದಲ ಒಪ್ಪಿಗೆಯೇ ಇರಲಿಲ್ಲ.

ಮೊದಲನೆಯದು ಸಂತೆ. ಇಂಗ್ಲೆಂಡಿನಲ್ಲಿ ಮುಖದ ಹಕ್ಕು ಅಂತ ಪ್ರತ್ಯೇಕವಾಗಿ ಇಲ್ಲವೇ ಇಲ್ಲ, ಬದುಕಿದ್ದವರಿಗೂ. ಎಲ್ವಿಸ್ ಕಡೆಯವರು ಅವರ ಹೆಸರನ್ನು ಸೋಪು ಮುಂತಾದವಕ್ಕೆ ಟ್ರೇಡ್‌ಮಾರ್ಕ್ ಮಾಡಿಸಲು ಹೋದಾಗ ಅಲ್ಲಿನ ಒಬ್ಬ ವ್ಯಾಪಾರಿ ಅಡ್ಡ ನಿಂತು 1999ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಗೆದ್ದ. ಜರ್ಮನಿಯಲ್ಲಿ ಚಿತ್ರದ ವಿಷಯಕ್ಕೆ ಸಾವಿನ ನಂತರ 10 ವರ್ಷ ಮನೆಯವರ ಒಪ್ಪಿಗೆ ಬೇಕು. ಇಂಥ ಎಷ್ಟೋ ಫಿಗರ್ ತಯಾರಾಗುವ ಚೀನಾದಲ್ಲಿ, 2021ರಿಂದ ಜಾರಿಯಲ್ಲಿರುವ ಸಿವಿಲ್ ಕೋಡ್ ಪ್ರಕಾರ ತೀರಿಕೊಂಡವರ ಹೆಸರಿಗೆ, ಭಾವಚಿತ್ರಕ್ಕೆ ಧಕ್ಕೆಯಾದರೆ ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆತಾಯಿ ದಾವೆ ಹಾಕಬಹುದು. ಭಾರತದಲ್ಲಿ ದಲೇರ್ ಮೆಹಂದಿ ಹಾಗೆ ಕಾಣುವ, ಅವರ ಹಾಡಿನ ಸಾಲು ಹಾಡುವ ಬೊಂಬೆಗಳನ್ನು 2010ರಲ್ಲಿ ದೆಹಲಿ ಹೈಕೋರ್ಟು ತಡೆದಿತ್ತು, ಅವರು ಬದುಕಿದ್ದವರು. ಅದೇ ಕೋರ್ಟು 2023ರಲ್ಲಿ ಸುಶಾಂತ್ ಸಿಂಗ್ ರಜಪೂತ್ ತಂದೆಯ ಕೇಸಿನಲ್ಲಿ ಇಂಥ ಹಕ್ಕುಗಳು ಅವರ ಜೊತೆಗೇ ಮುಗಿದವು, ವಾರಸುದಾರರಿಗೆ ಬರುವುದಿಲ್ಲ ಅಂದಿತು. ಒಂದೇ ತಲೆ, ಪಾರ್ಸೆಲ್ ಗಡಿ ದಾಟಿದ ಹಾಗೆಲ್ಲ ಒಮ್ಮೆ ಕಳ್ಳಮಾಲು, ಒಮ್ಮೆ ಒಳ್ಳೇ ಮಾಲು.

@ಹನ್ನೆರಡಿಂಚು ನಿಮಗೆ ಮಾಡಬಹುದಾದ ಕೆಲಸ ಒಂದಿದೆ. ಕ್ಯಾಲಿಫೋರ್ನಿಯಾದಲ್ಲಿ ವಾರಸುದಾರರು ಈ ಹಕ್ಕನ್ನು ಅಲ್ಲಿನ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ನೋಂದಾಯಿಸಬೇಕು, ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ನಟರ ಹೆಸರು ಹಾಕಿ ಹುಡುಕಿ. ಯಾರ ಹತ್ತಿರ ಇದೆ ಅಂತ ತಿಳಿಯುತ್ತದೆ, ಮಗಳ ಹತ್ತಿರವಾ, ಕಂಪನಿ ಹತ್ತಿರವಾ. ಅಲ್ಲಿವರೆಗೆ ಎರಕ ಹೊಯ್ಯಬೇಡಿ. ಮುಂಗಡ ವಾಪಸ್ ಕೊಟ್ಟುಬಿಡಿ, ಅದು ನಿಮ್ಮ ಹತ್ತಿರ ಇದ್ದಷ್ಟು ದಿನ ನೀವು ಹವ್ಯಾಸದವರಲ್ಲ, ವ್ಯಾಪಾರಿ.

---

ಮಣ್ಣುಕೈ

ಒಪ್ಪಿಗೆ ಕೇಳಿ ಬರೆಯುವುದಾದರೆ ಫೋಟೋ ಜೊತೆ ಕಳಿಸಿ. ಬಣ್ಣ ಹಚ್ಚದ ತಲೆಯದ್ದು, ಎದುರಿನಿಂದ, ಎರಡೂ ಪಕ್ಕದಿಂದ. ನನಗೆ ಒಂದು ಸಲ ಹೀಗೆ ಬರೆದಾಗ ಉತ್ತರವೇ ಬರಲಿಲ್ಲ, ಒಂದು ಸಲ ಕನಿಷ್ಠ ಇಷ್ಟು ಸಾವಿರ ತುಂಡು ಮಾಡುವುದಾದರೆ ಮಾತ್ರ ಮಾತಾಡುತ್ತೇವೆ ಅಂದರು. ಆರು ತಲೆಗೆ ಯಾರೂ ಲೈಸೆನ್ಸ್ ಕೊಡಲ್ಲ, ಅದಕ್ಕೂ ತಯಾರಿರಿ.

---

ಹನ್ನೆರಡಿಂಚು

ಎಲ್ಲರಿಗೂ ಥ್ಯಾಂಕ್ಸ್. ವಾರ ತಡವಾಗಿ ಬರೆಯುತ್ತಿದ್ದೇನೆ.

ಆರು ಜನರಿಗೂ ಮುಂಗಡ ವಾಪಸ್ ಕಳಿಸಿದೆ. ಇಬ್ಬರು ಬೈದರು, ಒಬ್ಬರು ಮಾತ್ರ ಅಚ್ಚನ್ನಾದರೂ ಕೊಡಿ ನಾನೇ ಹೊಯ್ದುಕೊಳ್ಳುತ್ತೇನೆ ಅಂದರು, ಇಲ್ಲ ಅಂದೆ. ಪಟ್ಟಿಯಲ್ಲಿ ಹುಡುಕಿದೆ. ಹಕ್ಕು ಮಗಳ ಹೆಸರಿನಲ್ಲೇ ಇದೆ, ಕಂಪನಿ ಅಲ್ಲ. ಕಂಪನಿಯಾಗಿದ್ದರೆ ಇಷ್ಟು ಕಷ್ಟ ಆಗುತ್ತಿರಲಿಲ್ಲವೇನೋ.

ಕಾಗದ ಬರೆಯಲು ಕೂತೆ. ಮಣ್ಣುಕೈ ಹೇಳಿದ ಹಾಗೆ ಮೂರು ಕಡೆಯಿಂದ ಫೋಟೋ ತೆಗೆದೆ. ಆಮೇಲೆ ಸಂಜೆಮಲ್ಲಿ ಅವರು ಬರೆದದ್ದು ನೆನಪಾಗಿ ಫೋಟೋ ಲಗತ್ತಿಸಲಿಲ್ಲ. ಹೀಗೊಂದು ಮಾಡಿದ್ದೇನೆ, ನೋಡಬೇಕು ಅನ್ನಿಸಿದರೆ ಹೇಳಿ ಕಳಿಸುತ್ತೇನೆ ಅಂತಷ್ಟೇ ಬರೆದೆ. ಮಾರುವ ಮಾತು ಎತ್ತಲೇ ಇಲ್ಲ. ಇನ್ನೂ ಉತ್ತರ ಬಂದಿಲ್ಲ.

ಮೂರು ಎರಕದಲ್ಲಿ ಒಂದಕ್ಕೆ ಬಣ್ಣ ಹಚ್ಚಿ ನನ್ನ ಕಪಾಟಿನಲ್ಲಿಟ್ಟೆ. ಉಳಿದೆರಡು ಡಬ್ಬಿಯಲ್ಲಿವೆ, ಇನ್ನೂ ಕಣ್ಣು ಬರೆದಿಲ್ಲ. ಹಳೇ ಪೊಲೀಸ್ ಎಲ್ಲೂ ಹೋಗಲ್ಲ, ಇಲ್ಲೇ ಇರುತ್ತಾನೆ. ಅವನ ಪಕ್ಕ ಜಾಗ ಮಾಡೋಕೆ ಲೈಸೆನ್ಸ್ ಇರುವ ಆ ದೂರದ ನೆಂಟನನ್ನೇ ಮಾರುತ್ತಿದ್ದೇನೆ. @ಬಾಲ್_ಜಾಯಿಂಟ್ ಬೇಕಾ?

---

ಬಾಲ್_ಜಾಯಿಂಟ್

ಪೆಟ್ಟಿಗೆ ಇದೆಯಾ? ಕೈಗಳು ಎಲ್ಲ ಇವೆ ತಾನೇ?